ಚೆಲ್ಲುವ ಮೊದಲೇ ಯೋಚಿಸೋಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟಗಳಲ್ಲಿ ಕಾಯಿ ಕೀಳಿಸುವುದನ್ನು ನೀವೆಲ್ಲ ನೋಡಿದ್ದೀರಿ. ಮರ ಹತ್ತಿದವರು ಗೊನೆಗೆ ಕತ್ತಿ ಹಾಕುವ ಮುಂಚೆ ಒಮ್ಮೆ ಕೆಳಗೆ ನೋಡಿ ಕೂಗುತ್ತಾರೆ. ಬುಡದಲ್ಲಿ ಕಟ್ಟಿದ ಕರುವನ್ನು ಬಿಚ್ಚಿಕೊಂಡು ಹೋಗುತ್ತಾರೆ. ಆಡುವ ಮಕ್ಕಳನ್ನು ದೂರ ಕರೆಯುತ್ತಾರೆ. ಬೀಳುವ ಕಾಯಿಯನ್ನು ಹಿಡಿಯಲು ಯಾರೂ ಮರದಡಿಗೆ ಓಡಿ ಬರುವುದಿಲ್ಲ. ಇದನ್ನು ಯಾರೂ ವಿಪತ್ತು ನಿರ್ವಹಣೆ ಎಂದು ಕರೆಯುವುದಿಲ್ಲ. ಆದರೆ ಒಂದು ಒಳ್ಳೆಯ ಯೋಜನೆಗೆ ಬೇಕಾದುದೆಲ್ಲ ಅದರಲ್ಲಿದೆ. ಅಪಾಯ ಎಲ್ಲಿಂದ ಬರುತ್ತದೆ, ಎಲ್ಲಿ ಬೀಳುತ್ತದೆ, ಯಾರು ಕೂಗಬೇಕು, ಯಾರು ಸರಿಯಬೇಕು ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ಇದೇ ವಿವೇಕವನ್ನು ಇನ್ನೊಂದು ಜಾಗಕ್ಕೆ ಅನ್ವಯಿಸಿ ನೋಡೋಣ. ಆ ಜಾಗ ಆಸ್ಪತ್ರೆ. ಆಸ್ಪತ್ರೆಯೊಳಗೆ ಅಪಾಯಕಾರಿ ರಾಸಾಯನಿಕ ಚೆಲ್ಲಿದರೆ ಏನಾಗುತ್ತದೆ? ಅದಕ್ಕೆ ಮೊದಲೇ ಹೇಗೆ ಸಿದ್ಧರಾಗಬೇಕು? ಇದು ಇಂದಿನ ವಿಷಯ.

ರಾಸಾಯನಿಕ ಅಪಘಾತ ಎಂದರೆ ದೊಡ್ಡ ಕಾರ್ಖಾನೆ, ಎತ್ತರದ ಚಿಮಣಿ, ಟ್ಯಾಂಕರ್ ಲಾರಿ ನಮ್ಮ ಕಣ್ಣ ಮುಂದೆ ಬರುತ್ತವೆ. ತೆಂಗಿನ ಸೀಮೆಯಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಬಹುದು. ನಿಮ್ಮ ಊರಿನ ಆಸ್ಪತ್ರೆಯನ್ನೇ ಒಂದು ಸುತ್ತು ಹಾಕಿ ಬನ್ನಿ. ಗಾಯ ತೊಳೆಯಲು ಹೈಡ್ರೋಜನ್ ಪೆರಾಕ್ಸೈಡ್. ಚರ್ಮ ಶುದ್ಧಿಗೆ ಸ್ಪಿರಿಟ್. ನೆಲಕ್ಕೂ ರಕ್ತದ ಕಲೆಗೂ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಶೌಚಾಲಯಕ್ಕೆ ಆಸಿಡ್. ಆಪರೇಷನ್ ಮಾಡಿ ತೆಗೆದ ಗೆಡ್ಡೆಯ ತುಣುಕು ಕೆಡದಂತೆ ಇಡಲು ಫಾರ್ಮಲಿನ್. ಸೂಕ್ಷ್ಮ ಉಪಕರಣಗಳನ್ನು ಅದ್ದಿಡಲು ಗ್ಲುಟರಾಲ್ಡಿಹೈಡ್. ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯದಲ್ಲಿ ಕ್ಸೈಲೀನ್, ಕ್ಯಾನ್ಸರ್ ವಿಭಾಗದಲ್ಲಿ ಜೀವಕೋಶಗಳನ್ನೇ ಕೊಲ್ಲುವ ಔಷಧಿಗಳು. ಹಳೆಯ ಸ್ಟೋರ್ ರೂಮಿನಲ್ಲಿ ಪಾದರಸದ ರಕ್ತದೊತ್ತಡ ಮಾಪಕಗಳೂ ಕುಳಿತಿರಬಹುದು. ಇವೆಲ್ಲ ಜೀವ ಉಳಿಸಲು ತಂದ ವಸ್ತುಗಳೇ. ಸೀಸೆಯೊಳಗೆ ಇರುವಷ್ಟು ಹೊತ್ತು ನಮ್ಮ ಆಳು, ಹೊರಗೆ ಚೆಲ್ಲಿದರೆ ನಮ್ಮ ಅರಸ.

ಎಷ್ಟು ಚೆಲ್ಲಿದರೆ ಅಪಾಯ? ನೀವು ವಿಜ್ಞಾನ ಓದುವವರು, ಒಂದು ಸಣ್ಣ ಲೆಕ್ಕ ಮಾಡೋಣ. ಫಾರ್ಮಲಿನ್ ಎಂದರೆ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ಕರಗಿಸಿದ ದ್ರಾವಣ. ಅಂಗಡಿಯಿಂದ ಬರುವ ಗಾಢ ಫಾರ್ಮಲಿನ್‌ನ ಒಂದು ಲೀಟರಿನಲ್ಲಿ ಸುಮಾರು 400 ಗ್ರಾಂ ಫಾರ್ಮಾಲ್ಡಿಹೈಡ್ ಇರುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಒಂದು ಕೋಣೆ ತೆಗೆದುಕೊಳ್ಳಿ. ಅದರಲ್ಲಿ 60 ಘನ ಮೀಟರ್ ಗಾಳಿ. ಸೀಸೆ ಒಡೆದು ಆ 400 ಗ್ರಾಂನಲ್ಲಿ ಬರೀ 1 ಗ್ರಾಂ ಆವಿಯಾಯಿತು ಎನ್ನಿ. ಪ್ರತಿ ಘನ ಮೀಟರ್ ಗಾಳಿಗೆ ಸುಮಾರು 17 ಮಿಲಿಗ್ರಾಂ ಆಯಿತು. ಬೇರೆ ರೀತಿ ಹೇಳಿದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 14 ಭಾಗ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದ ಪ್ರಕಾರ ಒಬ್ಬ ಕೆಲಸಗಾರ 15 ನಿಮಿಷದ ಅವಧಿಗೆ ಸಹಿಸಬಹುದಾದ ಗರಿಷ್ಠ ಮಿತಿ 2 ಭಾಗ. ಅಂದರೆ ನಾನೂರರಲ್ಲಿ ಒಂದಂಶ ಹಾರಿದರೂ ಮಿತಿಯ ಏಳು ಪಟ್ಟು! ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಆಸ್ತಮಾ ಇರುವವರಿಗೆ ಉಸಿರಾಟವೇ ಕಷ್ಟವಾಗುತ್ತದೆ. ದೀರ್ಘಕಾಲ ಸೇವಿಸಿದರೆ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ.

ಕಾರ್ಖಾನೆಯಲ್ಲಿ ಸೋರಿಕೆಯಾದರೆ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಓಡಿಸಬಹುದು. ಆಸ್ಪತ್ರೆಯಲ್ಲಿ ಅದು ಸಾಧ್ಯವೆ? ಮೂಳೆ ಮುರಿದು ಕಾಲು ತೂಗುಹಾಕಿಕೊಂಡವರು, ಹೊಟ್ಟೆ ತೆರೆದು ಆಪರೇಷನ್ ಮೇಜಿನ ಮೇಲೆ ಮಲಗಿದವರು, ಆಗ ತಾನೆ ಹೆತ್ತ ತಾಯಿ, ಗಾಜಿನ ಪೆಟ್ಟಿಗೆಯಲ್ಲಿರುವ ಹಸುಗೂಸು, ಇವರು ಎಲ್ಲಿಗೆ ಓಡಬೇಕು? ಇದು ಆಸ್ಪತ್ರೆಯ ಮೊದಲ ವಿಶೇಷ. ಎರಡನೆಯದು, ಇಲ್ಲಿ ಒಂದು ವ್ಯವಸ್ಥೆ ಕೆಟ್ಟರೆ ಅದನ್ನು ನಂಬಿಕೊಂಡ ಜೀವಗಳು ಕ್ಷಣದಲ್ಲಿ ಆಪತ್ತಿಗೆ ಸಿಕ್ಕುತ್ತವೆ. 2021ರ ಏಪ್ರಿಲ್ 21ರಂದು ಮಹಾರಾಷ್ಟ್ರದ ನಾಸಿಕದ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯ ಆವರಣದಲ್ಲಿ ಆಕ್ಸಿಜನ್ ಟ್ಯಾಂಕ್ ಸೋರಿತು. ಬಿಳಿಯ ಮೋಡದಂತೆ ಅನಿಲ ಹರಡಿದ ದೃಶ್ಯವನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡಿತು. ಆದರೆ ಸಾವು ಸಂಭವಿಸಿದ್ದು ಆ ಮೋಡದಲ್ಲಿ ಅಲ್ಲ, ವಾರ್ಡುಗಳಲ್ಲಿ. ಕೊಳವೆಯಲ್ಲಿ ಒತ್ತಡ ಕುಸಿದು ಆಕ್ಸಿಜನ್ ನಿಂತಾಗ 20ಕ್ಕೂ ಹೆಚ್ಚು ಕೋವಿಡ್ ರೋಗಿಗಳು ಪ್ರಾಣ ಬಿಟ್ಟರು. ಸೋರಿದ ವಸ್ತುವಿನ ಜೊತೆಗೆ, ಸೋರಿಕೆಯಿಂದ ಏನು ನಿಂತುಹೋಗುತ್ತದೆ ಎಂಬುದನ್ನೂ ಯೋಜನೆ ಮಾಡುವವರು ಯೋಚಿಸಬೇಕು ಎನ್ನುವುದಕ್ಕೆ ಇದು ಸಾಕ್ಷಿ.

ಈಗ ಒಂದು ಸಾಮಾನ್ಯ ಸಂದರ್ಭವನ್ನು ಕಲ್ಪಿಸಿಕೊಳ್ಳಿ. ರಾತ್ರಿ ಪಾಳಿ. ಕಪಾಟಿನಿಂದ ತೆಗೆಯುವಾಗ ಒಂದು ಸೀಸೆ ಕೈಜಾರಿ ಒಡೆಯಿತು. ಘಾಟು ವಾಸನೆ. ಆ ಕ್ಷಣದಲ್ಲಿ ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ಕೇಳಿಬರುವ ಮಾತು ಯಾವುದು ಗೊತ್ತೆ? "ಅಕ್ಕ, ಇಲ್ಲಿ ಸ್ವಲ್ಪ ಒರೆಸಿಬಿಡಿ." ಆಯಾ ಬರುತ್ತಾರೆ. ಕೈಗೆ ಗ್ಲೌಸ್ ಇರಲಿಕ್ಕಿಲ್ಲ. ಕಾಲಲ್ಲಿ ಹವಾಯಿ ಚಪ್ಪಲಿ. ಸೀಸೆಯಲ್ಲಿ ಏನಿತ್ತೆಂದು ಅವರಿಗೆ ಯಾರೂ ಹೇಳಿಲ್ಲ. ಕುಕ್ಕರಗಾಲಲ್ಲಿ ಕೂತು, ಮುಖವನ್ನು ನೆಲದ ಹತ್ತಿರ ತಂದು, ಬಟ್ಟೆಯಿಂದ ಒರೆಸಿ, ಅದೇ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡುತ್ತಾರೆ. ಅನೇಕ ಆವಿಗಳು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತೇಲುತ್ತವೆ. ಹೀಗೆ ಆ ಕೋಣೆಯಲ್ಲಿ ಅತಿ ಹೆಚ್ಚು ವಿಷ ಕುಡಿಯುವವರು ಅದರ ಬಗ್ಗೆ ಅತಿ ಕಡಿಮೆ ತಿಳಿದವರೇ ಆಗುತ್ತಾರೆ. ನಿಮ್ಮಲ್ಲಿ ಕೆಲವರ ತಾಯಿಯೋ ಚಿಕ್ಕಮ್ಮನೋ ಅಂಥ ಕೆಲಸದಲ್ಲಿ ಇರಬಹುದು. ಆದ್ದರಿಂದ ಇದು ನಿಮಗೆ ದೂರದ ವಿಷಯವಲ್ಲ.

ಈ ಮಾತಿಗೆ ಜಗತ್ತಿನ ಒಂದು ದೊಡ್ಡ ಆಸ್ಪತ್ರೆಯ ಅನುಭವವೇ ಆಧಾರವಾಗಿದೆ. 1995ರ ಮಾರ್ಚ್ 20ರ ಬೆಳಿಗ್ಗೆ ಜಪಾನಿನ ಟೋಕಿಯೊ ನಗರದ ಸುರಂಗ ರೈಲುಗಳಲ್ಲಿ ಸಾರಿನ್ ಎಂಬ ವಿಷವನ್ನು ಹರಡಲಾಯಿತು. ಹತ್ತಿರದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಆ ಒಂದೇ ದಿನ 640 ಜನ ಬಂದರು. ಯಾವ ವಿಷ ಎಂಬುದು ಮೊದಲಿಗೆ ತಿಳಿಯದು. ಸುಮಾರು ಮೂರು ಗಂಟೆಗಳ ನಂತರ, ಪೊಲೀಸರ ಹೇಳಿಕೆಯನ್ನು ಟೆಲಿವಿಷನ್ ವಾರ್ತೆಯಲ್ಲಿ ನೋಡಿ ಅದು ಸಾರಿನ್ ಎಂದು ವೈದ್ಯರು ಖಚಿತಪಡಿಸಿಕೊಂಡರು. ಅಷ್ಟರಲ್ಲಿ ರೋಗಿಗಳು ಉಟ್ಟ ಬಟ್ಟೆಯಲ್ಲೇ ಒಳಗೆ ಬಂದಾಗಿತ್ತು. ಸ್ಥಳ ಸಾಲದೆ ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲೂ ಅನೇಕರನ್ನು ಇರಿಸಿದ್ದರು. ಅಲ್ಲಿ ಗಾಳಿಯಾಡುವುದು ಕಡಿಮೆ. ಬಟ್ಟೆಗಳಿಂದ ಹೊರಟ ಆವಿ ಆರೈಕೆ ಮಾಡುವವರನ್ನೇ ಹಿಡಿಯಿತು. ಮುಂದೆ ಆಸ್ಪತ್ರೆಯವರೇ ನಡೆಸಿದ ವಿಚಾರಣೆಗೆ ಉತ್ತರಿಸಿದ ಸಿಬ್ಬಂದಿಯಲ್ಲಿ ಶೇಕಡ 23ರಷ್ಟು ಮಂದಿ ವಿಷದ ಲಕ್ಷಣಗಳನ್ನು ಅನುಭವಿಸಿದ್ದರು. ಹೆಚ್ಚು ತೊಂದರೆಗೆ ಒಳಗಾದವರು ನರ್ಸುಗಳ ಸಹಾಯಕಿಯರು. ಟೋಕಿಯೊ ಆಗಲಿ, ತುರುವೇಕೆರೆ ಆಗಲಿ, ವಿಷ ಹುಡುಕುವುದು ರೋಗಿಯ ಅತಿ ಹತ್ತಿರ ನಿಲ್ಲುವ ಕೈಗಳನ್ನೇ.

ಟೋಕಿಯೊ ಎಲ್ಲಿ, ನಮ್ಮ ಕಲ್ಪತರು ನಾಡೆಲ್ಲಿ ಎನ್ನಬೇಡಿ. ಸಾರಿನ್ ರಸಾಯನಶಾಸ್ತ್ರದ ದೃಷ್ಟಿಯಿಂದ ಆರ್ಗನೋಫಾಸ್ಫರಸ್ ಕುಟುಂಬಕ್ಕೆ ಸೇರಿದ್ದು. ನಮ್ಮ ರೈತರು ಕಂಡ ಎಷ್ಟೋ ಕೀಟನಾಶಕಗಳು ಇದೇ ಕುಟುಂಬದ ದಾಯಾದಿಗಳು, ಬಲ ಮಾತ್ರ ಕಡಿಮೆ. 1998ರಲ್ಲಿ ಕೇರಳದಲ್ಲಿ ಪತ್ತೆಯಾದ ತೆಂಗಿನ ನುಸಿ ನಮ್ಮ ಕಡೆಗೂ ಹಬ್ಬಿ, ಕಾಯಿಗಳು ಕಂದು ಬಣ್ಣಕ್ಕೆ ತಿರುಗಿ ಮುರುಟಿದ ಕಾಲವನ್ನು ನಿಮ್ಮ ತಂದೆ, ತಾತ ಮರೆತಿಲ್ಲ. ಆಗ ಮರದ ಎಳೆ ಬೇರನ್ನು ಹುಡುಕಿ, ಓರೆಯಾಗಿ ಕತ್ತರಿಸಿ, ಮಾನೋಕ್ರೋಟೋಫಾಸ್ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಅದ್ದಿ ಕಟ್ಟುತ್ತಿದ್ದರು. ಹೀಗೆ ವಿಷ ತೋಟಕ್ಕೆ ಬಂತು, ಮನೆಯ ಮೂಲೆಗೂ ಬಂತು. ಔಷಧಿ ಹೊಡೆಯುವಾಗ ಮೈಮೇಲೆ ಚೆಲ್ಲಿಕೊಂಡವರು, ತಿಳಿಯದೆಯೋ ನೊಂದೋ ಕುಡಿದವರು ತಾಲ್ಲೂಕು ಆಸ್ಪತ್ರೆಗೇ ಬರಬೇಕು. ಅವರ ಅಂಗಿ, ಕೂದಲು, ವಾಂತಿ ಎಲ್ಲದರಲ್ಲೂ ವಿಷವಿರುತ್ತದೆ. ಸೀಸೆ ಒಡೆಯದಿದ್ದರೂ ರಾಸಾಯನಿಕವು ಸ್ಟ್ರೆಚರ್ ಮೇಲೆ ಮಲಗಿಯೇ ಆಸ್ಪತ್ರೆಯ ಒಳಗೆ ಬರುತ್ತದೆ.

ಅದು ಒಬ್ಬಿಬ್ಬರಾಗಿ ಬಂದಾಗ ಒಂದು ಬಗೆ, ಒಟ್ಟಿಗೆ ಬಂದಾಗ ಇನ್ನೊಂದು ಬಗೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ವಿಷ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, 17 ಜನ ತೀರಿಕೊಂಡರು. ಬೆರೆತದ್ದು ಮಾನೋಕ್ರೋಟೋಫಾಸ್. ಸುತ್ತಲಿನ ಆಸ್ಪತ್ರೆಗಳಿಗೂ ಅಲ್ಲಿಂದ ಮೈಸೂರಿಗೂ ರೋಗಿಗಳನ್ನು ಸಾಗಿಸಬೇಕಾಯಿತು. ಒಂದು ಸಣ್ಣ ಊರಿನ ಆಸ್ಪತ್ರೆಯ ಬಾಗಿಲಿಗೆ ಒಂದು ಮಧ್ಯಾಹ್ನದಲ್ಲಿ ಏನು ಬರಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಇರುವ ಉದಾಹರಣೆ ಇದು.

ಇಂಥ ರೋಗಿ ಬಂದಾಗ ಉಸಿರು ಮತ್ತು ನಾಡಿಯನ್ನು ಕಾಪಾಡುವುದು ವೈದ್ಯರ ಮೊದಲ ಕೆಲಸ. ಅದರ ಜೊತೆಜೊತೆಗೇ, ಗಾಳಿಯಾಡುವ ಜಾಗದಲ್ಲಿ ವಿಷ ತಗುಲಿದ ಬಟ್ಟೆಯನ್ನು ತೆಗೆದು, ಮೈಯನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆಯಬೇಕು. ತೆಗೆದ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಇಡಬೇಕು. ಸಂಬಂಧಿಕರ ಕೈಗೆ ಹಾಗೇ ಕೊಡಬಾರದು. ತೊಳೆಯುವವರಿಗೆ ರಾಸಾಯನಿಕ ತಡೆಯುವ ನೈಟ್ರೈಲ್ ಗ್ಲೌಸ್, ಏಪ್ರನ್, ಕಣ್ಣಿಗೆ ಕನ್ನಡಕ ಬೇಕು. ಇದಕ್ಕೆಲ್ಲ ಕೋಟಿ ರೂಪಾಯಿಯ ಯಂತ್ರ ಬೇಕಾಗಿಲ್ಲ. ಬಾಗಿಲ ಬಳಿ ಒಂದು ನಲ್ಲಿ, ಒಂದು ಮರೆ, ಒಂದು ಕಲ್ಲುಚಪ್ಪಡಿ, ತೊಳೆದ ನೀರು ಬಾವಿಗೂ ಚರಂಡಿಗೂ ಹರಿಯದಂತೆ ಹಿಡಿದಿಡುವ ಗುಂಡಿ, ಇಷ್ಟನ್ನು ಮೊದಲೇ ಗುರುತಿಸಿಟ್ಟಿರಬೇಕು.

ಹಾಗಾದರೆ ಆಸ್ಪತ್ರೆಯ ಒಳಗಿನ ಯೋಜನೆ ಹೇಗಿರಬೇಕು? ಮೊದಲ ಹೆಜ್ಜೆ, ಏನಿದೆ ಎಂದು ತಿಳಿಯುವುದು. ತಿಪಟೂರಿನ ಉಂಡೆ ಕೊಬ್ಬರಿ ಹೆಸರಾದದ್ದು ಹೇಗೆ? ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಕಾದಿರುತ್ತದೆ. ಯಾವ ರಾಶಿ ಎಂದು ಹಾಕಿದ್ದು, ಎಷ್ಟಿದೆ, ಯಾವುದು ಮೊದಲು ಇಳಿಯಬೇಕು ಎಂಬುದು ಮನೆಯವರ ಬಾಯಲ್ಲೇ ಇರುತ್ತದೆ. ಕೆಟ್ಟದ್ದನ್ನು ಒಳ್ಳೆಯದರ ಜೊತೆ ಬಿಡುವುದಿಲ್ಲ. ಆಸ್ಪತ್ರೆಯ ರಾಸಾಯನಿಕಗಳಿಗೂ ಇಂಥದೇ ಲೆಕ್ಕ ಬೇಕು. ಯಾವ ಕೋಣೆಯಲ್ಲಿ ಯಾವ ಸೀಸೆ, ಎಷ್ಟು ಲೀಟರ್, ಯಾವಾಗ ಬಂತು ಎಂಬ ಒಂದು ಪುಸ್ತಕ. ಪ್ರತಿ ಸೀಸೆಯ ಮೇಲೆ ಹೆಸರು. ಪ್ರತಿ ರಾಸಾಯನಿಕಕ್ಕೂ ತಯಾರಕರು ಕೊಡುವ ಸುರಕ್ಷತಾ ಮಾಹಿತಿ ಪತ್ರ. ಇದರಲ್ಲಿ 16 ಭಾಗಗಳಿರುತ್ತವೆ. 4ನೆಯ ಭಾಗದಲ್ಲಿ ಪ್ರಥಮ ಚಿಕಿತ್ಸೆ, 6ರಲ್ಲಿ ಚೆಲ್ಲಿದಾಗ ಮಾಡಬೇಕಾದ್ದು, 8ರಲ್ಲಿ ಧರಿಸಬೇಕಾದ ರಕ್ಷಣೆ, 10ರಲ್ಲಿ ಯಾವುದರ ಜೊತೆ ಸೇರಬಾರದು ಎಂಬ ವಿವರ. ಈ ಪತ್ರ ಅಧಿಕಾರಿಯ ಬೀರುವಿನಲ್ಲಿ ಭದ್ರವಾಗಿದ್ದರೆ ಸಾಲದು. ರಾತ್ರಿ 2 ಗಂಟೆಗೆ ಕೈಗೆ ಸಿಕ್ಕಬೇಕು, ಮುಖ್ಯ ಸಾಲುಗಳು ಕನ್ನಡದಲ್ಲಿ ಗೋಡೆಯ ಮೇಲಿರಬೇಕು.

ಚಿತ್ರೀಕರಣಕ್ಕೆಂದು ಹೋದ ಒಂದು ಕಡೆ, ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಣ್ಣವಿಲ್ಲದ ದ್ರವವೊಂದನ್ನು ಕಿಟಕಿಯ ಮೇಲೆ ಇಟ್ಟಿದ್ದನ್ನು ನಾನು ಕಂಡಿದ್ದೇನೆ. ಅದು ಫಾರ್ಮಲಿನ್. ಚೀಟಿ ಇರಲಿಲ್ಲ. ಬಾಯಾರಿದ ಒಂದು ಮಗು ಆ ದಾರಿಯಲ್ಲಿ ಬಂದಿದ್ದರೆ? ಖಾಲಿ ನೀರಿನ ಬಾಟಲಿಗೆ ರಾಸಾಯನಿಕ ತುಂಬಬಾರದು ಎಂಬ ಒಂದೇ ನಿಯಮವನ್ನು ಪಾಲಿಸಿದರೂ ಎಷ್ಟೋ ಅನಾಹುತ ತಪ್ಪುತ್ತದೆ.

ಎರಡನೆಯ ಹೆಜ್ಜೆ, ಜಗಳವಾಡುವ ವಸ್ತುಗಳನ್ನು ಬೇರೆ ಬೇರೆ ಇಡುವುದು. ಹೈಪೋಕ್ಲೋರೈಟ್ ದ್ರಾವಣಕ್ಕೆ ಶೌಚಾಲಯದ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪರ್ ಎಂಬಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. "ಎರಡೂ ಕೊಳೆ ತೆಗೆಯುತ್ತವೆ, ಸೇರಿಸಿದರೆ ಇನ್ನೂ ಚೆನ್ನಾಗಿ ತೆಗೆಯುತ್ತವೆ" ಎಂದು ಭಾವಿಸುವುದು ಸಹಜ. ಆ ಭಾವನೆಯೇ ಅಪಾಯ. ನಿಮ್ಮ ಮನೆಯ ಬಚ್ಚಲಿಗೂ ಈ ಮಾತು ಅನ್ವಯಿಸುತ್ತದೆ, ಇಂದೇ ಮನೆಯಲ್ಲಿ ಹೇಳಿ.

ಮೂರನೆಯ ಹೆಜ್ಜೆ, ಚೆಲ್ಲಿದ್ದನ್ನು ಎತ್ತುವ ಸಾಮಗ್ರಿ. ಒಂದು ಮುಚ್ಚಳದ ಬಕೆಟ್ಟಿನಲ್ಲಿ ದಪ್ಪ ಗ್ಲೌಸ್, ಕನ್ನಡಕ, ಏಪ್ರನ್, ಚಿಮುಟ, ಪ್ಲಾಸ್ಟಿಕ್ ಗೋರು, ಚೀಲಗಳು, ಹೀರುವ ವಸ್ತು, ಆಸಿಡ್ ಶಮನಕ್ಕೆ ಅಡುಗೆ ಸೋಡಾ, ಎಚ್ಚರಿಕೆಯ ಫಲಕ. ಹೀರುವ ವಸ್ತು ಎಂದೊಡನೆ ನಿಮಗೆ ಏನು ನೆನಪಾಯಿತು? ನಮ್ಮ ಸೀಮೆಯಲ್ಲಿ ರಾಶಿ ರಾಶಿ ಬಿದ್ದಿರುವ ತೆಂಗಿನ ನಾರಿನ ಪುಡಿ! ತನ್ನ ತೂಕದ ಹಲವು ಪಟ್ಟು ನೀರನ್ನು ಅದು ಹಿಡಿದಿಡುತ್ತದೆ. ಎಣ್ಣೆ ಚೆಲ್ಲಿದಾಗಲೂ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಇಲ್ಲಿ ರಸಾಯನಶಾಸ್ತ್ರ ನಮ್ಮ ಕೈ ಹಿಡಿದು ನಿಲ್ಲಿಸಬೇಕು. ನಾರಿನ ಪುಡಿ, ಮರದ ಹೊಟ್ಟು, ಬಟ್ಟೆ ಇವೆಲ್ಲ ಸಾವಯವ ವಸ್ತುಗಳು, ಅಂದರೆ ಇಂಧನ. ಗಾಢ ನೈಟ್ರಿಕ್ ಆಮ್ಲ, ಗಾಢ ಹೈಡ್ರೋಜನ್ ಪೆರಾಕ್ಸೈಡ್ ಇವು ಉತ್ಕರ್ಷಕಗಳು, ಅಂದರೆ ಉರಿಸುವವು. ಎರಡೂ ಸೇರಿದರೆ ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಅಂಥ ಕಡೆ ಒಣ ಮರಳಿನಂಥ ಖನಿಜ ವಸ್ತುವೇ ಸರಿ. ಹತ್ತಿರ ಸಿಕ್ಕಿದ್ದನ್ನು ಹಾಕುವ ಮುನ್ನ ಚೆಲ್ಲಿದ್ದು ಯಾವುದು ಎಂದು ತಿಳಿಯಬೇಕು. ಆದ್ದರಿಂದಲೇ ಸೀಸೆಯ ಮೇಲಿನ ಚೀಟಿ ಅಷ್ಟು ಮುಖ್ಯ.

ತೆಂಗಿನ ಇನ್ನೊಂದು ಕೊಡುಗೆಯನ್ನೂ ಹೇಳಬೇಕು. ಚಿಪ್ಪನ್ನು ಸುಟ್ಟು ಇದ್ದಿಲು ಮಾಡಿ, ಹಬೆಯಲ್ಲಿ ಹದಗೊಳಿಸಿದರೆ ಕ್ರಿಯಾಶೀಲ ಇಂಗಾಲ ಸಿಗುತ್ತದೆ. ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು. ಅನಿಲದ ಅಣುಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಿಗೆ ತೆಂಗಿನ ಚಿಪ್ಪಿನ ಇದ್ದಿಲನ್ನು ಬಳಸಿದರು. ಇಂದಿಗೂ ಆವಿ ತಡೆಯುವ ಮಾಸ್ಕಿನ ಡಬ್ಬಿಯಲ್ಲಿ ಈ ಇಂಗಾಲವಿರುತ್ತದೆ. ಆದರೂ ಒಂದೇ ಡಬ್ಬಿ ಎಲ್ಲಕ್ಕೂ ನಡೆಯದು. ಫಾರ್ಮಾಲ್ಡಿಹೈಡ್, ಅಮೋನಿಯ, ಪಾದರಸದ ಆವಿಗೆ ಬೇರೆ ಬೇರೆ ಲವಣಗಳನ್ನೋ ಗಂಧಕವನ್ನೋ ಲೇಪಿಸಿದ ವಿಶೇಷ ಇಂಗಾಲ ಬೇಕು. ಆಪರೇಷನ್ ಮಾಡುವಾಗ ಕಟ್ಟುವ ಬಟ್ಟೆಯ ಮಾಸ್ಕ್ ಅಂತೂ ಯಾವ ಆವಿಯನ್ನೂ ತಡೆಯುವುದಿಲ್ಲ. ಅದನ್ನು ಕಟ್ಟಿಕೊಂಡು ಧೈರ್ಯವಾಗಿ ಒಳಗೆ ನುಗ್ಗುವುದು ಬರಿಗೈಯಲ್ಲಿ ಹಾವು ಹಿಡಿದಂತೆ.

ನಾಲ್ಕನೆಯ ಹೆಜ್ಜೆ, ಆ ಕ್ಷಣದ ಕ್ರಮ. ಕಾಯಿ ಕೀಳುವವರ ಕ್ರಮವೇ ಇದು. ನಿಲ್ಲಿ. ಕೂಗಿ ಎಲ್ಲರಿಗೂ ತಿಳಿಸಿ. ಹತ್ತಿರವಿರುವ ರೋಗಿಗಳನ್ನು ಪಕ್ಕದ ಕೋಣೆಗೆ ಸರಿಸಿ. ಆವಿ ವಾರ್ಡಿಗೆ ನುಗ್ಗದಂತೆ ಒಳಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆರೆಯಿರಿ. ಚೆಲ್ಲಿದ್ದು ಸ್ಪಿರಿಟ್ ಅಥವಾ ಕ್ಸೈಲೀನ್ ಆಗಿದ್ದರೆ ಸ್ವಿಚ್ ಮುಟ್ಟಬೇಡಿ, ಫ್ಯಾನ್ ಹಾಕಬೇಡಿ. ನಮ್ಮ ಬೇಸಿಗೆಯ ಸೆಕೆಯಲ್ಲಿ ಇವುಗಳ ಆವಿಗೆ ಒಂದು ಕಿಡಿ ಸಾಕು. ಕಣ್ಣಿಗೆ ಸಿಡಿದಿದ್ದರೆ ಕೂಡಲೇ 15 ನಿಮಿಷ ಎಡೆಬಿಡದೆ ನೀರಿನ ಧಾರೆ. ನಿಮಿಷಕ್ಕೆ ಒಂದೂವರೆ ಲೀಟರಿನಂತೆ ಲೆಕ್ಕ ಹಾಕಿದರೂ ಇಪ್ಪತ್ತೆರಡೂವರೆ ಲೀಟರ್, ಎರಡು ದೊಡ್ಡ ಬಿಂದಿಗೆಯಷ್ಟು ನೀರು. ಕೊಳವೆಬಾವಿಯನ್ನು, ಅದೂ ಕರೆಂಟನ್ನು ನಂಬಿಕೊಂಡ ಊರುಗಳಲ್ಲಿ ಈ ಎರಡು ಬಿಂದಿಗೆ ಶುದ್ಧ ನೀರು ಸದಾ ಮೀಸಲು ಇರುವುದೂ ಯೋಜನೆಯ ಭಾಗವೇ. ಸಣ್ಣ ಪ್ರಮಾಣ, ಪರಿಚಿತ ವಸ್ತು, ತರಬೇತಿ ಪಡೆದವರು ಇದ್ದರೆ ಒಳಗಿನವರೇ ತೆಗೆಯಬಹುದು. ಪ್ರಮಾಣ ದೊಡ್ಡದಾಗಿದ್ದರೆ, ಯಾವುದೆಂದು ತಿಳಿಯದಿದ್ದರೆ, ಉಸಿರಿಗೇ ತೊಂದರೆಯಾದರೆ ಹೊರಗೆ ಬಂದು ಅಗ್ನಿಶಾಮಕ ದಳವನ್ನು ಕರೆಯಬೇಕು. 112ಕ್ಕೆ ಕರೆ ಮಾಡುವವರು ಯಾರು ಎಂಬುದೂ ಮೊದಲೇ ನಿರ್ಧಾರವಾಗಿರಬೇಕು. ಎಲ್ಲರ ಕೆಲಸ ಎಂದು ಬಿಟ್ಟದ್ದು ಯಾರ ಕೆಲಸವೂ ಆಗುವುದಿಲ್ಲ.

ಇಲ್ಲಿ ಪಾದರಸದ ಮಾತು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅದಕ್ಕೆ ವಾಸನೆಯಿಲ್ಲ, ನೋಡಲು ಚೆಂದ. ಹಳೆಯ ಥರ್ಮಾಮೀಟರಿನಲ್ಲಿ ಒಂದು ಗ್ರಾಂ ಆಸುಪಾಸು ಪಾದರಸ ಇರುತ್ತದೆ. ಒಟ್ಟುಗೂಡಿಸಿದರೆ ಸುಮಾರು 5 ಮಿಲಿಮೀಟರ್ ವ್ಯಾಸದ ಒಂದು ಹನಿ. ಅದು ನೆಲಕ್ಕೆ ಬಿದ್ದು ಅರ್ಧ ಮಿಲಿಮೀಟರಿನ ಹನಿಗಳಾಗಿ ಒಡೆದರೆ 1,000 ಹನಿಗಳಾಗುತ್ತವೆ. ತೂಕ ಅಷ್ಟೇ, ಆದರೆ ಒಟ್ಟು ಮೇಲ್ಮೈ 10 ಪಟ್ಟು. ಆವಿ ಹೊರಡುವುದು ಮೇಲ್ಮೈಯಿಂದ. ಪೊರಕೆಯಿಂದ ಗುಡಿಸಿದಷ್ಟೂ ಹನಿ ಚಿಕ್ಕದಾಗಿ ಆವಿ ಹೆಚ್ಚುತ್ತದೆ. ಆದ್ದರಿಂದ ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಬೇಡ. ಮೊದಲು ಕೈಯ ಚಿನ್ನದ ಉಂಗುರ, ಬಳೆ ತೆಗೆದಿಡಿ, ಪಾದರಸ ಚಿನ್ನವನ್ನು ಹಿಡಿದುಕೊಳ್ಳುತ್ತದೆ. ಗ್ಲೌಸ್ ಹಾಕಿ, ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದು ಹನಿಗಳನ್ನು ಹುಡುಕಿ, ಗಟ್ಟಿ ಕಾಗದದಿಂದ ಕೂಡಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಎಳೆದು, ಸ್ವಲ್ಪ ನೀರಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಬೇಕು. ಜಪಾನಿನ ಮಿನಮಾಟಾ ಊರಿನ ಮೀನುಗಾರರ ದುರಂತದ ಹೆಸರಿನಲ್ಲಿ 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಪಾದರಸದ ಉಪಕರಣಗಳು ಆಸ್ಪತ್ರೆಗಳಿಂದ ಹಿಂದೆ ಸರಿಯುತ್ತಿವೆ. ಕೈಬಿಟ್ಟ ಹಳೆಯ ಉಪಕರಣಗಳನ್ನು ಗುಜರಿಗೆ ಹಾಕದಂತೆ ನೋಡಿಕೊಳ್ಳುವುದು ಉಳಿದ ಕೆಲಸ.

ಚೆಲ್ಲಿದ್ದನ್ನು ಎತ್ತಿದ ಮೇಲೂ ಕೆಲಸ ಮುಗಿಯುವುದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಘನ ರಾಸಾಯನಿಕ ತ್ಯಾಜ್ಯ ಹಳದಿ ಬಣ್ಣದ ಚೀಲ ಅಥವಾ ಡಬ್ಬಿಗೆ ಹೋಗಬೇಕು. ದ್ರವವನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ಶುದ್ಧೀಕರಿಸಬೇಕು. ಚರಂಡಿಗೆ ಸುರಿದದ್ದು ಮಾಯವಾಗುವುದಿಲ್ಲ, ಕೆರೆಗೆ ಹೋಗುತ್ತದೆ.

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದ ಹಮೀದಿಯಾ ಆಸ್ಪತ್ರೆಗೆ ಸಾವಿರಾರು ಜನ ಕಣ್ಣುಜ್ಜುತ್ತ, ಕೆಮ್ಮುತ್ತ ಬಂದಾಗ ಯಾವ ಅನಿಲ, ಅದಕ್ಕೆ ಏನು ಮದ್ದು ಎಂಬುದು ವೈದ್ಯರಿಗೆ ತಿಳಿದಿರಲಿಲ್ಲ. ಆ ದುರಂತದ ನಂತರ ನಮ್ಮ ದೇಶದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, 1996ರಲ್ಲಿ ರಾಸಾಯನಿಕ ಅಪಘಾತಗಳ ತುರ್ತು ಯೋಜನೆಯ ನಿಯಮಗಳು ಬಂದವು. 2007ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ರಾಸಾಯನಿಕ ವಿಪತ್ತುಗಳಿಗೆ ಮಾರ್ಗಸೂಚಿ ಹೊರಡಿಸಿತು. ಕಾಗದದ ಮೇಲೆ ಬೇಕಾದುದು ಬಹಳಷ್ಟಿದೆ. ಕಾಗದದಿಂದ ಕೈಗೆ ಇಳಿಯಬೇಕಾದರೆ ಅಭ್ಯಾಸ ಬೇಕು. ನೀರಿಗೆ ಸ್ವಲ್ಪ ಬಣ್ಣ ಬೆರೆಸಿ ನೆಲಕ್ಕೆ ಚೆಲ್ಲಿ, ಗಡಿಯಾರ ಹಿಡಿದು, ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುತ್ತಾರೆಯೇ ಎಂದು ನೋಡುವುದೇ ಆ ಅಭ್ಯಾಸ. ಹಗಲಿನಲ್ಲಿ ಒಮ್ಮೆ, ಮೂರೇ ಜನ ಇರುವ ರಾತ್ರಿ ಪಾಳಿಯಲ್ಲಿ ಒಮ್ಮೆ.

ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ನನಗೆ ಒಂದು ವಿಷಯ ಗೊತ್ತು. ಓಡುವವರು, ಕೂಗಾಡುವವರು, ಹೊಗೆಯೊಳಗೆ ನುಗ್ಗುವವರು ಕ್ಯಾಮೆರಾಕ್ಕೆ ಬಲು ಇಷ್ಟ. ಸರಿಯಾಗಿ ಸಿದ್ಧವಾದ ಆಸ್ಪತ್ರೆಯಲ್ಲಿ ಸೀಸೆ ಒಡೆದರೆ ಚಿತ್ರೀಕರಿಸಲು ಏನೂ ಇರುವುದಿಲ್ಲ. ಒಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ, ಒಬ್ಬರು ಫಲಕ ಇಡುತ್ತಾರೆ, ಇಬ್ಬರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಕೆಲಸ ಮಾಡುತ್ತಾರೆ, ಪಕ್ಕದ ಕೋಣೆಯಲ್ಲಿ ರೋಗಿಗಳು ಮಲಗಿರುತ್ತಾರೆ. ಅಂಥ ಸಪ್ಪೆ ದೃಶ್ಯವೇ ನಮ್ಮ ಗುರಿ.

ಕೊನೆಯದಾಗಿ ನಿಮಗೊಂದು ಕೆಲಸ. ಆಸ್ಪತ್ರೆಯ ಯೋಜನೆ ನಿಮ್ಮ ಕೈಯಲ್ಲಿಲ್ಲದಿರಬಹುದು, ಆದರೆ ನಿಮ್ಮ ಶಾಲೆಯ, ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯ ಇದೆಯಲ್ಲ. ಮೇಷ್ಟರ ಅನುಮತಿ ಪಡೆದು, ಅವರ ಜೊತೆಯಲ್ಲಿ, ಯಾವ ಸೀಸೆಯನ್ನೂ ಮುಟ್ಟದೆ ಒಂದು ಪಟ್ಟಿ ಮಾಡಿ. ಚೀಟಿ ಅಳಿಸಿಹೋದ ಸೀಸೆ ಎಷ್ಟಿವೆ? ಆಮ್ಲ ಯಾವುದರ ಪಕ್ಕದಲ್ಲಿದೆ? ಮರಳಿನ ಬಕೆಟ್ಟಿನಲ್ಲಿ ಮರಳು ಇದೆಯೇ, ಕಸ ಇದೆಯೇ? ನಲ್ಲಿಯಲ್ಲಿ ನೀರು ಬರುತ್ತದೆಯೇ? ಆಮೇಲೆ ಆ ಪಟ್ಟಿಯನ್ನು ಪ್ರಯೋಗಾಲಯದ ಅಟೆಂಡರಿಗೂ, ನೆಲ ಒರೆಸಲು ಬರುವ ಅಮ್ಮನಿಗೂ ಓದಿ ಹೇಳಿ. ಯಾವುದನ್ನು ಮುಟ್ಟಬಾರದು, ಯಾವಾಗ ಒರೆಸದೆ ಹೊರಗೆ ಹೋಗಬೇಕು ಎಂದು ತಿಳಿಸಿ. ಯಾವ ಯೋಜನೆಯಲ್ಲಾದರೂ ಕೊನೆಯ ಸಾಲಿನಲ್ಲಿರುವ ಆ ಕೈಗಳ ಹೆಸರು ಮೊದಲ ಸಾಲಿಗೆ ಬಂದ ದಿನವೇ ಅದು ನಿಜವಾದ ಯೋಜನೆ.